ಇಟಲಿಗೆ ಕಾಫಿ, ಲಂಡನ್‌ನಲ್ಲಿ ಆರ್ಬಿಟ್ರೇಷನ್: ಸಹಿ ಹಾಕುವ ಮುಂಚೆ ಏನು ನೋಡಬೇಕು?

ಶನಿವಾರಸಂತೆ_ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಕೆಲವು ಸಣ್ಣ ಬೆಳೆಗಾರರು ಸೇರಿ ಒಂದು ಕಂಪನಿ ಮಾಡಿಕೊಂಡಿದ್ದೇವೆ. ಇಷ್ಟು ವರ್ಷ ಕಣದಲ್ಲಿ ಒಣಗಿಸಿ ಇಲ್ಲಿನ ವ್ಯಾಪಾರಿಗೇ ಕೊಡುತ್ತಿದ್ದೆವು. ಈಗ ಇಟಲಿಯ ಟ್ರಿಯೆಸ್ಟೆ ಊರಿನ ಖರೀದಿದಾರರೊಬ್ಬರು ಒಂದು ಕಂಟೇನರ್ ರೊಬಸ್ಟಾ ಪಾರ್ಚ್‌ಮೆಂಟ್ ಎಬಿ (ತೊಳೆದು ಸಂಸ್ಕರಿಸಿದ ಕಾಫಿಯ ಒಂದು ದರ್ಜೆ) ಕೇಳಿದ್ದಾರೆ. ಸ್ಯಾಂಪಲ್ ಒಪ್ಪಿಗೆ ಆಗಿದೆ. ರೇಟೂ ಪರವಾಗಿಲ್ಲ.

ಕಾಂಟ್ರ್ಯಾಕ್ಟ್ ಎರಡೇ ಪುಟ. ಅದರಲ್ಲಿ ಒಂದು ಸಾಲು ಇದೆ: ಯುರೋಪಿಯನ್ ಸ್ಟ್ಯಾಂಡರ್ಡ್ ಕಾಂಟ್ರ್ಯಾಕ್ಟ್ ಫಾರ್ ಕಾಫಿ ಅನ್ವಯಿಸುತ್ತದೆ, ಆರ್ಬಿಟ್ರೇಷನ್ (ಕೋರ್ಟ್ ಬದಲು ಮಧ್ಯಸ್ಥರಿಂದ ತೀರ್ಮಾನ) ಲಂಡನ್‌ನಲ್ಲಿ. ನಮ್ಮ ಸದಸ್ಯರಲ್ಲಿ ಅರ್ಧ ಜನಕ್ಕೆ ಇದು ಭಯ. ಭಾರತದ ಕಾನೂನು, ಮಡಿಕೇರಿ ಕೋರ್ಟ್ ಅಂತ ಬರೆಸಿ ಅನ್ನುತ್ತಿದ್ದಾರೆ. ಖರೀದಿದಾರರು ಅದಕ್ಕೆ ಒಪ್ಪುತ್ತಿಲ್ಲ.

ದುಬೈನಿಂದಲೂ ಒಬ್ಬರು ಕರಡು ಕಳಿಸಿದ್ದಾರೆ. ಅದರಲ್ಲಿ "ವಿವಾದ ಬಂದರೆ ಇಬ್ಬರೂ ಬಯಸಿದಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಆರ್ಬಿಟ್ರೇಷನ್‌ಗೆ ಹೋಗಬಹುದು" ಅಂತಿದೆ. ಇದು ಸುಲಭ ಅನ್ನಿಸುತ್ತಿದೆ. ತಿಳಿದವರು ಹೇಳಿ.

ಪೊಲ್ಲಿಬೆಟ್ಟ_ತೋಟ

ಒಪ್ಪಬೇಡಿ. ಕಾಫಿ ನಮ್ಮದು, ಮಣ್ಣು ನಮ್ಮದು. ಜಗಳ ಆದರೆ ನಾವು ಯಾಕೆ ಲಂಡನ್‌ಗೆ ಹೋಗಬೇಕು? ಮಡಿಕೇರಿ ಕೋರ್ಟ್ ಅಂತ ಹಟ ಹಿಡಿಯಿರಿ. ಅವರಿಗೆ ನಿಜವಾಗಿ ಕಾಫಿ ಬೇಕಿದ್ದರೆ ಬರುತ್ತಾರೆ.

ವಿರಾಜಪೇಟೆ_ವಕೀಲೆ

ಪೊಲ್ಲಿಬೆಟ್ಟ ಅಣ್ಣ ಹೇಳುವುದು ಅರ್ಥವಾಗುತ್ತದೆ. ಆದರೆ ಈ ವಿಷಯದಲ್ಲಿ ನಾನು ನೇರವಾಗಿ ವಿರೋಧಿಸುತ್ತೇನೆ. ನಾನು ಬೆಂಗಳೂರಿನಲ್ಲಿ ಇಂಥ ಕೇಸುಗಳನ್ನೇ ನೋಡುವವಳು. ಸ್ವಲ್ಪ ಉದ್ದವಾಗುತ್ತದೆ, ಓದಿ.

ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ದುಡ್ಡು ಕೊಡಬೇಕಾದವರ ಆಸ್ತಿ ಎಲ್ಲಿದೆ? ನಿಮ್ಮ ಖರೀದಿದಾರರ ಗೋದಾಮು, ಬ್ಯಾಂಕ್ ಖಾತೆ ಎಲ್ಲ ಇಟಲಿಯಲ್ಲಿದೆ. ಮಡಿಕೇರಿ ಕೋರ್ಟ್‌ನಲ್ಲಿ ನೀವು ಗೆದ್ದಿರಿ ಅಂದುಕೊಳ್ಳಿ. ಆ ಡಿಕ್ರಿ ಹಿಡಿದು ಕೊಡಗಿನಲ್ಲಿ ಅವರ ಯಾವ ಆಸ್ತಿ ಜಪ್ತಿ ಮಾಡುತ್ತೀರಿ? ಇಟಲಿಗೇ ಹೋಗಬೇಕು. ಒಂದು ದೇಶದ ಕೋರ್ಟ್ ಡಿಕ್ರಿಯನ್ನು ಇನ್ನೊಂದು ದೇಶ ಹೇಗೆ ನೋಡುತ್ತದೆ ಅನ್ನುವುದಕ್ಕೆ ಎಲ್ಲ ಕಡೆ ನಡೆಯುವ ಒಂದೇ ನಿಯಮ ಇಲ್ಲ. ನಮ್ಮ ಕಡೆಯನ್ನೇ ನೋಡಿ. ಸಿವಿಲ್ ಪ್ರೊಸೀಜರ್ ಕೋಡ್‌ನ ಸೆಕ್ಷನ್ 44ಎ ಪ್ರಕಾರ ಬ್ರಿಟನ್, ಸಿಂಗಾಪುರದಂಥ ಕೆಲವೇ ದೇಶಗಳ ಡಿಕ್ರಿ ಇಲ್ಲಿ ನೇರ ಜಾರಿಯಾಗುತ್ತದೆ. 2020ರಲ್ಲಿ ಯುಎಇ ಸೇರಿತು. ಇಟಲಿ, ಜರ್ಮನಿ, ಅಮೆರಿಕ ಆ ಪಟ್ಟಿಯಲ್ಲಿ ಇಲ್ಲ.

ಆರ್ಬಿಟ್ರೇಷನ್ ಅವಾರ್ಡ್‌ನ, ಅಂದರೆ ಆರ್ಬಿಟ್ರೇಟರ್ ಕೊಡುವ ತೀರ್ಪಿನ, ಕಥೆ ಬೇರೆ. 1958ರ ನ್ಯೂಯಾರ್ಕ್ ಒಡಂಬಡಿಕೆಗೆ 170ಕ್ಕೂ ಹೆಚ್ಚು ದೇಶಗಳು ಸೇರಿವೆ. ಭಾರತ 1960ರಿಂದ ಅದರಲ್ಲಿದೆ. ಇಟಲಿ, ಬ್ರಿಟನ್, ಯುಎಇ ಎಲ್ಲವೂ ಇವೆ. ಒಂದು ಸದಸ್ಯ ದೇಶದಲ್ಲಿ ಆದ ಅವಾರ್ಡನ್ನು ಇನ್ನೊಂದು ಸದಸ್ಯ ದೇಶದ ಕೋರ್ಟ್ ಮತ್ತೆ ಮೊದಲಿನಿಂದ ವಿಚಾರಣೆ ಮಾಡದೆ ಜಾರಿ ಮಾಡಬೇಕು. ತಡೆಯಲು ಕೆಲವೇ ಕಾರಣಗಳು. ಇಟಲಿಯಲ್ಲಿ ಅದನ್ನು ಅಲ್ಲಿನ ಕೋರ್ಟ್ ಆಫ್ ಅಪೀಲ್‌ಗೆ ಒಯ್ಯುತ್ತಾರೆ. ಲಂಡನ್‌ನ ಅವಾರ್ಡ್ ಟ್ರಿಯೆಸ್ಟೆಯಲ್ಲಿ ದುಡ್ಡಾಗುವ ಸಾಧ್ಯತೆ ಮಡಿಕೇರಿಯ ಡಿಕ್ರಿಗಿಂತ ಎಷ್ಟೋ ಜಾಸ್ತಿ.

ಇನ್ನೊಂದು ಗೊಂದಲ ಬಿಡಿಸಬೇಕು. ಒಪ್ಪಂದಕ್ಕೆ ಯಾವ ದೇಶದ ಕಾನೂನು ಅನ್ನುವುದು ಒಂದು. ಆರ್ಬಿಟ್ರೇಷನ್‌ನ ಸೀಟ್ ಎಲ್ಲಿ, ಅಂದರೆ ಕಾನೂನಿನ ಲೆಕ್ಕದಲ್ಲಿ ಅದು ಯಾವ ಊರಿಗೆ ಸೇರಿದ್ದು ಅನ್ನುವುದು ಬೇರೆಯೇ. ಕಾಫಿಯ ಮಾಯಿಶ್ಚರ್ ಜಾಸ್ತಿ ಇತ್ತಾ, ತಡ ಆಗಿದ್ದಕ್ಕೆ ಪರಿಹಾರ ಎಷ್ಟು, ಇದೆಲ್ಲ ಮೊದಲನೆಯದರ ಪ್ರಕಾರ ತೀರ್ಮಾನವಾಗುತ್ತದೆ. ಅವಾರ್ಡ್ ತಪ್ಪು ಅಂತ ಯಾವ ದೇಶದ ಕೋರ್ಟ್‌ನಲ್ಲಿ ರದ್ದು ಕೇಳಬಹುದು ಅನ್ನುವುದು ಸೀಟ್‌ನಿಂದ ತೀರ್ಮಾನವಾಗುತ್ತದೆ. ಭಾರತದ ಕಾನೂನು, ಲಂಡನ್ ಸೀಟ್ ಅಂತ ಎರಡನ್ನೂ ಸೇರಿಸಿ ಬರೆಯಬಹುದು. ಇದರಲ್ಲಿ ನನ್ನ ಮಟ್ಟಿಗೆ ಸೀಟ್ ದೊಡ್ಡದು. ಜನ ಕಾನೂನಿನ ಬಗ್ಗೆ ಜಗಳ ಆಡಿ ಸೀಟನ್ನು ಸುಮ್ನೆ ಬಿಟ್ಟುಕೊಡುತ್ತಾರೆ. ಅದು ನೋಡಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಕುಶಾಲನಗರ_ಕ್ಯೂರಿಂಗ್

ವಕೀಲೆ ಅಕ್ಕ ಹೇಳಿದ್ದು ಸರಿ. ವ್ಯಾಪಾರದ ಕಡೆಯಿಂದ ನಾನು ಸೇರಿಸುತ್ತೇನೆ.

ಯುರೋಪಿನ ಕಾಫಿ ಕಾಂಟ್ರ್ಯಾಕ್ಟ್ ನಿಮ್ಮನ್ನು ಸಿಕ್ಕಿಸಲು ಆ ಖರೀದಿದಾರ ಬರೆದದ್ದಲ್ಲ. ಯುರೋಪಿಯನ್ ಕಾಫಿ ಫೆಡರೇಷನ್‌ನ ನಮೂನೆ ಅದು. ಬ್ರೆಜಿಲ್, ವಿಯೆಟ್ನಾಂ ಕಾಫಿಯೂ ಅದರಲ್ಲೇ ಹೋಗುತ್ತದೆ. ಅಮೆರಿಕಕ್ಕೆ ಹೋದರೆ ಅಲ್ಲಿನ ಗ್ರೀನ್ ಕಾಫಿ ಅಸೋಸಿಯೇಷನ್‌ನ ನಮೂನೆ, ಆರ್ಬಿಟ್ರೇಷನ್ ನ್ಯೂಯಾರ್ಕ್. ಆದ್ದರಿಂದ ಅವರು ಒಪ್ಪದಿರುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ.

ಆದರೆ ಆ ಒಂದು ಸಾಲಿನ ಹಿಂದೆ ಹತ್ತಾರು ಷರತ್ತು ಇವೆ. ತೂಕದ ಕೊರತೆ ಎಷ್ಟಕ್ಕೆ ಮಾಫಿ, ಕ್ಲೇಮ್ ಹಾಕಲು ಎಷ್ಟು ದಿನ, ಸ್ಯಾಂಪಲ್ ಯಾರು ತೆಗೆಯಬೇಕು, ಎಲ್ಲ ಅಲ್ಲೇ ಇದೆ. ಪೂರ್ತಿ ಪಠ್ಯ ತರಿಸಿ, ನಿಮ್ಮ ಸದಸ್ಯರನ್ನು ಕೂರಿಸಿ ಓದಿ. ಕಾಫಿ ಆರ್ಬಿಟ್ರೇಷನ್‌ನಲ್ಲಿ ಎರಡು ಬಗೆ. ಒಂದು ಕ್ವಾಲಿಟಿ. ತಿಳಿದವರು ಕಾಫಿಯನ್ನೇ ನೋಡಿ, ಕಪ್ ಟೇಸ್ಟ್ ಮಾಡಿ ಹೇಳುತ್ತಾರೆ. ಇನ್ನೊಂದು ಟೆಕ್ನಿಕಲ್. ತಡವಾದ ಶಿಪ್‌ಮೆಂಟ್, ದಾಖಲೆ ತಪ್ಪು, ದುಡ್ಡು ಕೊಡದಿರುವುದು ಇಂಥವು. ಕ್ವಾಲಿಟಿ ವಿವಾದವನ್ನು ಕಾಫಿ ಬಲ್ಲವರು ನೋಡುವುದು ನಮಗೇ ಒಳ್ಳೆಯದು. ಕೋರ್ಟ್‌ನಲ್ಲಿ ಪಾರ್ಚ್‌ಮೆಂಟ್ ಅಂದರೇನು, ಚೆರ್ರಿ ಅಂದರೇನು ಅಂತ ಮೊದಲಿನಿಂದ ವಿವರಿಸುತ್ತಾ ಕೂರಬೇಕು.

ಒಂದು ಕೆಲಸ ತಪ್ಪದೆ ಮಾಡಿ. ಲೋಡ್ ಆಗುವ ದಿನ, ಅದೇ ಲಾಟ್‌ನ ಸ್ಯಾಂಪಲ್ ಸೀಲ್ ಮಾಡಿ ಇಟ್ಟುಕೊಳ್ಳಿ. ಮಾಯಿಶ್ಚರ್ ಮೀಟರ್ ರೀಡಿಂಗ್, ಔಟ್‌ಟರ್ನ್ ಶೀಟ್ (ಕ್ಯೂರಿಂಗ್ ಆದ ಮೇಲೆ ಯಾವ ದರ್ಜೆ ಎಷ್ಟು ಬಂತು ಅನ್ನುವ ಪಟ್ಟಿ), ಮೂಟೆಗಳ ಫೋಟೋ ಎಲ್ಲ ಒಂದೇ ಫೈಲ್‌ನಲ್ಲಿರಲಿ. ಜೂನ್ ಮಳೆಯಲ್ಲಿ ಮಂಗಳೂರಿಗೆ ಹೋದ ಕಾಫಿ ದಾರಿಯಲ್ಲಿ ತೇವ ಎಳೆದುಕೊಂಡರೆ ತಪ್ಪು ಯಾರದು ಅಂತ ಹೇಳಲು ಆ ಫೈಲೇ ಬೇಕು.

ಗೋಣಿಕೊಪ್ಪ_ಮೆಣಸು

ನಾನು ಕರಿಮೆಣಸು ಕಳಿಸುವವನು. ಎಲ್ಲರೂ ಒಂದು ವಿಷಯ ತಿಳಿದುಕೊಳ್ಳಬೇಕು ಅಂತ ಬರೆಯುತ್ತಿದ್ದೇನೆ.

ನನಗೆ ಗೊತ್ತಿರುವ ರಫ್ತುದಾರರೊಬ್ಬರಿಗೆ ಹೊರದೇಶದ ಖರೀದಿದಾರ ಆರ್ಬಿಟ್ರೇಷನ್ ನೋಟಿಸ್ ಕಳಿಸಿದ. ಮಳೆಗಾಲ, ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಇಮೇಲ್ ಬಂದಿದ್ದು ತಡವಾಗಿ ನೋಡಿದರು. ನೋಡಿದ ಮೇಲೂ "ಅಷ್ಟು ದೂರದವರು ನಮಗೇನು ಮಾಡುತ್ತಾರೆ" ಅಂತ ಯಾರೋ ಧೈರ್ಯ ಹೇಳಿದರು. ಉತ್ತರ ಕೊಡಲಿಲ್ಲ. ಅವರ ಗೈರುಹಾಜರಿಯಲ್ಲೇ ಅವಾರ್ಡ್ ಆಯಿತು. ಆಮೇಲೆ ಬೆಂಗಳೂರು ಹೈಕೋರ್ಟ್‌ನಿಂದ ಕಾಗದ ಬಂತು. ಅವರ ಹತ್ತಿರ ಒಳ್ಳೆಯ ವಾದ ಇತ್ತು. ಅದನ್ನು ಹೇಳುವ ಜಾಗದಲ್ಲಿ ಹೇಳಲಿಲ್ಲ, ಅಷ್ಟೇ.

ಆ ಮನುಷ್ಯ ಪ್ರಾಮಾಣಿಕ. ಅವರಿಗೆ ಹೀಗಾಗಿದ್ದು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ವಿರಾಜಪೇಟೆ_ವಕೀಲೆ

ಇದನ್ನು ಎಲ್ಲರೂ ಎರಡು ಸಲ ಓದಿ. ಹೊರದೇಶದ ಅವಾರ್ಡನ್ನು ಭಾರತದಲ್ಲಿ ಜಾರಿ ಮಾಡಲು 1996ರ ಆರ್ಬಿಟ್ರೇಷನ್ ಕಾಯ್ದೆಯ ಎರಡನೇ ಭಾಗ ಇದೆ. ಅರ್ಜಿ ಹೋಗುವುದು ಹೈಕೋರ್ಟ್‌ಗೆ. ಅಸಲಿ ಅವಾರ್ಡ್, ಆರ್ಬಿಟ್ರೇಷನ್ ಒಪ್ಪಂದ, ಇಂಗ್ಲಿಷ್ ಅಲ್ಲದಿದ್ದರೆ ಅನುವಾದ, ಇಷ್ಟನ್ನು ಸೆಕ್ಷನ್ 47 ಕೇಳುತ್ತದೆ. ತಡೆಯುವ ಕಾರಣಗಳು ಸೆಕ್ಷನ್ 48ರಲ್ಲಿವೆ. ಒಪ್ಪಂದವೇ ಊರ್ಜಿತವಲ್ಲ, ನೋಟಿಸ್ ಸರಿಯಾಗಿ ತಲುಪಿಲ್ಲ, ಒಪ್ಪಂದದಲ್ಲಿ ಇಲ್ಲದ ವಿಷಯ ತೀರ್ಮಾನ ಮಾಡಿದ್ದಾರೆ, ಆರ್ಬಿಟ್ರೇಟರ್ ನೇಮಕ ಒಪ್ಪಿದಂತೆ ಆಗಿಲ್ಲ, ಅವಾರ್ಡ್ ಸೀಟ್‌ನ ದೇಶದಲ್ಲೇ ರದ್ದಾಗಿದೆ, ಇಂಥವು. ಜೊತೆಗೆ ಸಾರ್ವಜನಿಕ ನೀತಿಗೆ ವಿರೋಧ ಅನ್ನುವುದೂ ಇದೆ. "ಆರ್ಬಿಟ್ರೇಟರ್ ತಪ್ಪು ತೀರ್ಮಾನ ಮಾಡಿದ" ಅನ್ನುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ನೋಟಿಸ್ ತಲುಪಿ, ಸುಮ್ಮನಿದ್ದರೆ, ಆಮೇಲೆ "ನನಗೆ ಅವಕಾಶ ಸಿಗಲಿಲ್ಲ" ಅನ್ನಲು ಬರುವುದಿಲ್ಲ. ಒಪ್ಪಂದದಲ್ಲಿ ಬರೆಯುವ ಇಮೇಲ್ ವಿಳಾಸ ಯಾರೋ ಒಬ್ಬ ಹುಡುಗನ ಫೋನ್‌ನಲ್ಲಿ ಮಾತ್ರ ಇರುವಂಥದ್ದಾಗಬಾರದು. ಇಬ್ಬರು ಮೂವರು ನೋಡುವ ವಿಳಾಸ ಕೊಡಿ.

ಮಡಿಕೇರಿ_ಕಾನೂನು_ವಿದ್ಯಾರ್ಥಿ

ಮೇಡಂ, ಸಾರ್ವಜನಿಕ ನೀತಿ ಅಂತ ಹೇಳಿ ಭಾರತದ ಕೋರ್ಟ್‌ಗಳು ಹೊರದೇಶದ ಅವಾರ್ಡ್‌ಗಳನ್ನು ತಡೆಯುತ್ತವೆ ಅಂತ ಕ್ಲಾಸ್‌ನಲ್ಲಿ ಕೇಳಿದ್ದೇನೆ. ಹಾಗಾದರೆ ನಮ್ಮ ರಫ್ತುದಾರರಿಗೆ ಅದೇ ರಕ್ಷಣೆ ಅಲ್ವಾ?

ವಿರಾಜಪೇಟೆ_ವಕೀಲೆ

ಅದನ್ನು ರಕ್ಷಣೆ ಅಂತ ನಂಬಿಕೊಂಡು ಯಾರೂ ಸಹಿ ಹಾಕಬಾರದು. 1993ರಲ್ಲೇ ರೇಣುಸಾಗರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲನ್ನು ಚಿಕ್ಕದು ಮಾಡಿತ್ತು. ನಡುವೆ ಕೆಲವು ವರ್ಷ ಅದು ಅಗಲವಾಯಿತು. 2013ರಲ್ಲಿ ಮತ್ತೆ ಚಿಕ್ಕದಾಯಿತು. 2015ರ ತಿದ್ದುಪಡಿ ಅದನ್ನು ಕಾಯ್ದೆಯಲ್ಲೇ ಬರೆಯಿತು: ವಂಚನೆ ಅಥವಾ ಭ್ರಷ್ಟಾಚಾರ, ಭಾರತದ ಕಾನೂನಿನ ಮೂಲ ನೀತಿ, ನ್ಯಾಯ ನೀತಿಯ ತೀರಾ ಮೂಲಭೂತ ಕಲ್ಪನೆ, ಇವಕ್ಕೆ ಧಕ್ಕೆ ಬಂದರೆ ಮಾತ್ರ.

2013ರ ಕೇಸು ನಮ್ಮವರು ಓದಲೇಬೇಕಾದದ್ದು. ಶ್ರೀ ಲಾಲ್ ಮಹಲ್ ವಿರುದ್ಧ ಪ್ರೊಗೆಟ್ಟೊ ಗ್ರಾನೊ. ಭಾರತದ ಕಂಪನಿ ಇಟಲಿಯ ಕಂಪನಿಗೆ ಡುರಮ್ ಗೋಧಿ ಮಾರಿತ್ತು. ಹೋದ ಗೋಧಿ ಆ ಜಾತಿಯದಲ್ಲ ಅಂತ ಖರೀದಿದಾರರ ತಕರಾರು. ಲೋಡ್ ಆಗುವಾಗ ಕೊಟ್ಟ ತಪಾಸಣೆ ಸರ್ಟಿಫಿಕೇಟೇ ಅಂತಿಮ ಅಂತ ನಮ್ಮ ಕಡೆಯವರ ವಾದ. ಲಂಡನ್‌ನ ಧಾನ್ಯ ವ್ಯಾಪಾರ ಸಂಸ್ಥೆ ಗಾಫ್ಟಾದ ಅಪೀಲ್ ಮಂಡಳಿ ಖರೀದಿದಾರರ ಪರ ಹೇಳಿತು. ಅದೇ ವಾದವನ್ನು ಇಲ್ಲಿ ಮತ್ತೆ ಎತ್ತಿದಾಗ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜಾರಿ ಹಂತದಲ್ಲಿ ಸಾಕ್ಷ್ಯವನ್ನು ಮತ್ತೆ ತೂಗಿ ನೋಡುವುದಿಲ್ಲ ಅಂದಿತು. ಗೋಧಿಯ ಜಾಗದಲ್ಲಿ ರೊಬಸ್ಟಾ ಇಟ್ಟು ನೋಡಿ.

ಇದಕ್ಕೆ ಉಲ್ಟಾ ಆದದ್ದೂ ಇದೆ. ಕೃಷಿ ಮಾರಾಟದ ಸಹಕಾರಿ ಮಹಾಮಂಡಳ ನಾಫೆಡ್ 1980ರಲ್ಲಿ ಅಲಿಮೆಂಟಾ ಅನ್ನುವ ಕಂಪನಿಗೆ ಕಡಲೆಕಾಯಿ ಬೀಜ ಮಾರಲು ಒಪ್ಪಿತ್ತು. ಉಳಿದ ಮಾಲನ್ನು ಮುಂದಿನ ವರ್ಷ ಕಳಿಸಲು ಸರ್ಕಾರದ ಅನುಮತಿ ಸಿಗಲಿಲ್ಲ. ಅವಾರ್ಡ್ ನಾಫೆಡ್ ವಿರುದ್ಧ ಬಂತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ಅವಾರ್ಡನ್ನು ಇಲ್ಲಿ ಜಾರಿ ಮಾಡಲಾಗದು ಅಂದಿತು. ಅನುಮತಿ ಇಲ್ಲದ ರಫ್ತು ನಮ್ಮ ಕಾನೂನಿಗೆ ವಿರುದ್ಧ ಅನ್ನುವ ಕಾರಣಕ್ಕೆ. ಆ ತೀರ್ಪನ್ನು ತುಂಬಾ ಜನ ಟೀಕಿಸಿದ್ದಾರೆ. ನನಗೂ ಅದು ಸರಿ ಅನ್ನಿಸುವುದಿಲ್ಲ. 1980ರ ಒಪ್ಪಂದಕ್ಕೆ 2020ರಲ್ಲಿ ಕೊನೆ ಸಿಕ್ಕಿತು. ನಾಲ್ಕು ದಶಕ! ಗೆದ್ದವರಿಗಾದರೂ ಅದು ನೆಮ್ಮದಿಯ ದಾರಿ ಅಂತ ಹೇಳಲು ನನ್ನಿಂದ ಆಗದು. ಅದೇ ವರ್ಷ ವಿಜಯ್ ಕಾರಿಯಾ ಕೇಸಿನಲ್ಲಿ ಇದೇ ಕೋರ್ಟ್ ಅವಾರ್ಡ್ ಜಾರಿಗೆ ಬಲವಾಗಿ ನಿಂತಿತು. ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ಉಲ್ಲಂಘನೆ ಅನ್ನುವ ನೆಪವೂ ಅಲ್ಲಿ ನಡೆಯಲಿಲ್ಲ.

ಗಡುವಿನ ಬಗ್ಗೆಯೂ ಹೇಳಿಬಿಡುತ್ತೇನೆ. ಹೊರದೇಶದ ಅವಾರ್ಡ್ ಇಲ್ಲಿ ಜಾರಿಗೆ ತರಲು 3 ವರ್ಷ. ವೇದಾಂತ ಕೇಸು, ಅದೂ 2020.

ಪೊಲ್ಲಿಬೆಟ್ಟ_ತೋಟ

ಡಿಕ್ರಿ ವಿಷಯ ಒಪ್ಪಿದೆ. ಆದರೆ ಖರ್ಚು? ಒಂದು ಕಂಟೇನರ್ ಅಂದರೆ 60 ಕೆಜಿಯ 320 ಮೂಟೆ, ಸುಮಾರು 19 ಟನ್. ಅಷ್ಟಕ್ಕೆ ಲಂಡನ್ ವಕೀಲರನ್ನು ಹಿಡಿದರೆ ಮಾಲಿನ ದುಡ್ಡೇ ಅಲ್ಲಿಗೆ ಹೋಗುತ್ತದೆ. ಸಣ್ಣ ಬೆಳೆಗಾರರಿಗೆ ಈ ದಾರಿ ಕಾಗದದ ಮೇಲೆ ಮಾತ್ರ ಇದ್ದ ಹಾಗೆ. ಅಕ್ಕ ಇದಕ್ಕೆ ಉತ್ತರ ಕೊಡಬೇಕು.

ಕುಶಾಲನಗರ_ಕ್ಯೂರಿಂಗ್

ಇದು ನ್ಯಾಯವಾದ ಪ್ರಶ್ನೆ. ಕಾಫಿಯ ಸಂಸ್ಥೆಗಳ ಆರ್ಬಿಟ್ರೇಷನ್ ದೊಡ್ಡ ಕಂಪನಿಗಳ ಆರ್ಬಿಟ್ರೇಷನ್‌ನಷ್ಟು ದುಬಾರಿ ಅಲ್ಲ. ಬಹಳಷ್ಟು ದಾಖಲೆಗಳ ಮೇಲೇ ಮುಗಿಯುತ್ತದೆ, ವಿಮಾನ ಹತ್ತಬೇಕಾಗಿಲ್ಲ. ಆದರೂ ಸಣ್ಣವರಿಗೆ ಭಾರವೇ.

ಅದಕ್ಕೇ ನಾನು ಯಾವಾಗಲೂ ಹೇಳುವುದು, ಆರ್ಬಿಟ್ರೇಷನ್ ಷರತ್ತಿಗೆ ಮುಂಚೆ ಪೇಮೆಂಟ್ ಷರತ್ತು ಸರಿ ಮಾಡಿ. ಮೊದಲ ವ್ಯವಹಾರದಲ್ಲಿ ಉದ್ದರಿ ಬೇಡ. ಎಲ್‌ಸಿ (ದಾಖಲೆ ಸರಿಯಿದ್ದರೆ ಬ್ಯಾಂಕೇ ದುಡ್ಡು ಕೊಡುವ ಖಾತರಿ) ಮಾಡಿಸಿ. ಆಗದಿದ್ದರೆ ಸ್ವಲ್ಪ ಅಡ್ವಾನ್ಸ್ ತೆಗೆದುಕೊಂಡು, ಉಳಿದದ್ದಕ್ಕೆ ದುಡ್ಡು ಕೊಟ್ಟ ಮೇಲೇ ಬ್ಯಾಂಕಿನಿಂದ ದಾಖಲೆ ಬಿಡುವ ವ್ಯವಸ್ಥೆ ಮಾಡಿ. ಬಿಲ್ ಆಫ್ ಲೇಡಿಂಗ್ (ಹಡಗಿಗೆ ಮಾಲು ಹಾಕಿದ್ದಕ್ಕೆ ಸಿಗುವ ದಾಖಲೆ) ನಿಮ್ಮ ಬ್ಯಾಂಕಿನ ಕೈಯಲ್ಲಿರುವವರೆಗೆ ಕಾಫಿ ನಿಮ್ಮ ಹಿಡಿತದಲ್ಲಿರುತ್ತದೆ. ಇಸಿಜಿಸಿ (ಸರ್ಕಾರದ ರಫ್ತು ಸಾಲ ಖಾತರಿ ಸಂಸ್ಥೆ) ವಿಮೆ ವಿಚಾರಿಸಿ. ಖರೀದಿದಾರ ದುಡ್ಡು ಕೊಡದಿದ್ದರೆ ಅದು ಆಗುತ್ತದೆ, ಕ್ವಾಲಿಟಿ ಜಗಳಕ್ಕೆ ಆಗುವುದಿಲ್ಲ.

ವಿರಾಜಪೇಟೆ_ವಕೀಲೆ

ಪೂರ್ತಿ ಒಪ್ಪುತ್ತೇನೆ. ಇಷ್ಟನ್ನು ಮಾಡಿದರೂ ಷರತ್ತು ಚೆನ್ನಾಗಿರಲೇಬೇಕು ಪೊಲ್ಲಿಬೆಟ್ಟ ಅಣ್ಣ. ಯಾಕೆಂದರೆ ಅವಾರ್ಡ್ ನಿಜವಾಗಿ ಜಾರಿಯಾಗುತ್ತದೆ ಅಂತ ಗೊತ್ತಿರುವ ಖರೀದಿದಾರ ಫೋನ್‌ನಲ್ಲೇ ರಾಜಿಗೆ ಬರುತ್ತಾನೆ. ನಾನು ನೋಡಿದ ಜಗಳಗಳಲ್ಲಿ ಹೆಚ್ಚಿನವು ಹಾಗೇ ಮುಗಿದಿವೆ.

ಇನ್ನು ಕಾನೂನಿನ ಆಯ್ಕೆ. ಇಂಗ್ಲೆಂಡಿನ ಕಾನೂನು ಅಂದರೆ ಹೆದರಬೇಕಿಲ್ಲ. ನಮ್ಮ 1930ರ ಸರಕು ಮಾರಾಟ ಕಾಯ್ದೆಗೆ ಅವರ 1893ರ ಕಾಯ್ದೆಯೇ ಮಾದರಿ. ನಮ್ಮ ವಕೀಲರಿಗೆ ಅದು ಅಪರಿಚಿತ ಅಲ್ಲ. ಜರ್ಮನಿ ಅಥವಾ ಇಟಲಿಯ ಕಾನೂನು ಅಂತ ಬರೆದರೆ ಮಾತ್ರ ಎಚ್ಚರ. ಆ ದೇಶಗಳು 1980ರ ವಿಶ್ವಸಂಸ್ಥೆಯ ಸರಕು ಮಾರಾಟ ಒಡಂಬಡಿಕೆಗೆ ಸೇರಿವೆ. ಭಾರತವೂ ಬ್ರಿಟನ್ನೂ ಸೇರಿಲ್ಲ. "ಜರ್ಮನ್ ಕಾನೂನು" ಅಂದಾಗ ಆ ಒಡಂಬಡಿಕೆಯೂ ಅದರ ಭಾಗವಾಗಿ ಬಂದುಬಿಡುತ್ತದೆ, ನೀವು ಬೇಡ ಅಂತ ಸ್ಪಷ್ಟವಾಗಿ ಬರೆಯದಿದ್ದರೆ. ಅದರಲ್ಲಿ ಮಾಲಿನ ದೋಷದ ಬಗ್ಗೆ ದೂರು ಹೇಳಲು ಖರೀದಿದಾರರಿಗೆ "ಸಮಂಜಸ ಕಾಲ" ಇದೆ, ಕೊನೆಯ ಮಿತಿ 2 ವರ್ಷ. ಕಾಫಿಯ ನಮೂನೆಯಲ್ಲಿ ಕ್ಲೇಮ್ ಗಡುವು ದಿನಗಳ ಲೆಕ್ಕದಲ್ಲಿದೆ. ಕಾಫಿ ಮಾರುವವರಿಗೆ ಯಾವುದು ಒಳ್ಳೆಯದು ಅಂತ ನೀವೇ ನೋಡಿ.

ಕಾನೂನಿನ ಬಗ್ಗೆ ಏನೂ ಬರೆಯದಿದ್ದರೆ? ಯುರೋಪಿನ ಕೋರ್ಟ್‌ಗೆ ಹೋದರೆ ರೋಮ್ 1 ಅನ್ನುವ ನಿಯಮದ ಪ್ರಕಾರ ಸಾಮಾನ್ಯವಾಗಿ ಮಾರುವವನ ದೇಶದ ಕಾನೂನು. ಅಂದರೆ ನಮ್ಮದು. ಕೇಳಲು ಚೆನ್ನಾಗಿದೆ, ಆದರೆ ಅದನ್ನು ನಂಬಿ ಖಾಲಿ ಬಿಡಬೇಡಿ. ಬರೆದದ್ದೇ ವಾಸಿ.

ಇಂಗ್ಲೆಂಡ್‌ನಲ್ಲಿ 2025ರ ಹೊಸ ಆರ್ಬಿಟ್ರೇಷನ್ ಕಾಯ್ದೆ ಬಂದಿದೆ. ಬೇರೆ ಏನೂ ಬರೆಯದಿದ್ದರೆ ಆರ್ಬಿಟ್ರೇಷನ್ ಷರತ್ತಿಗೂ ಸೀಟ್‌ನ ದೇಶದ ಕಾನೂನೇ ಅಂತ ಅದು ಹೇಳುತ್ತದೆ. ಈ ಬಗ್ಗೆ ಅಲ್ಲಿ ವರ್ಷಗಟ್ಟಲೆ ಜಗಳ ನಡೆದಿತ್ತು. ಈಗ ಒಂದು ತಲೆನೋವು ಕಡಿಮೆ.

ಶನಿವಾರಸಂತೆ_ಬೆಳೆಗಾರ

ತುಂಬಾ ಉಪಕಾರ ಆಯಿತು. ಇಟಲಿಯ ಕಾಂಟ್ರ್ಯಾಕ್ಟ್‌ಗೆ ಲಂಡನ್ ಒಪ್ಪಬಹುದು ಅಂತ ಅನ್ನಿಸುತ್ತಿದೆ. ದುಬೈನ ಕರಡಿನ ಬಗ್ಗೆ ಯಾರೂ ಹೇಳಲಿಲ್ಲ.

ವಿರಾಜಪೇಟೆ_ವಕೀಲೆ

ನನಗೆ ನಿಜವಾಗಿ ಭಯ ಆದದ್ದು ಅದನ್ನು ಓದಿಯೇ.

"ಇಬ್ಬರೂ ಬಯಸಿದಲ್ಲಿ ಹೋಗಬಹುದು" ಅಂದರೆ ಅದು ಆರ್ಬಿಟ್ರೇಷನ್ ಒಪ್ಪಂದವೇ ಅಲ್ಲ. 2007ರ ಜಗದೀಶ್ ಚಂದರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಜಗಳ ಆದ ಮೇಲೆ ಇನ್ನೊಮ್ಮೆ ಇಬ್ಬರ ಒಪ್ಪಿಗೆ ಬೇಕು ಅಂದರೆ ಈಗ ಏನೂ ಒಪ್ಪಿಲ್ಲ ಅಂತಲೇ ಅರ್ಥ. ದುಡ್ಡು ಕೊಡದವನು ಆಗ ಒಪ್ಪುತ್ತಾನಾ? "ಹೋಗಬಹುದು" ತೆಗೆದು "ಆರ್ಬಿಟ್ರೇಷನ್ ಮೂಲಕವೇ ಅಂತಿಮವಾಗಿ ತೀರ್ಮಾನವಾಗಬೇಕು" ಅಂತ ಬರೆಸಿ. "ಅಂತರರಾಷ್ಟ್ರೀಯ ಕಾನೂನು" ಅನ್ನುವುದನ್ನೂ ತೆಗೆಸಿ. ಮೂಟೆಯ ತೂಕ ಕಡಿಮೆ ಬಂದರೆ ಎಷ್ಟು ಕಡಿತ ಅಂತ ಅದು ಹೇಳುವುದಿಲ್ಲ. ಯಾವುದಾದರೂ ಒಂದು ದೇಶದ ಹೆಸರು ಬೇಕು.

ಅಲ್ಲಿ ಕಾಫಿಯ ಸಿದ್ಧ ನಮೂನೆ ಇಲ್ಲವಾದ್ದರಿಂದ ನೀವು ಕೇಳುವುದಕ್ಕೆ ಜಾಗ ಇದೆ. ಮೊದಲು ಭಾರತದ ಕಾನೂನು, ಬೆಂಗಳೂರು ಸೀಟ್ ಅಂತ ಕೇಳಿ. ಹೈಕೋರ್ಟ್‌ಗೆ ಸೇರಿದ ಆರ್ಬಿಟ್ರೇಷನ್ ಕೇಂದ್ರ ಬೆಂಗಳೂರಿನಲ್ಲೇ ಇದೆ. ಆ ಅವಾರ್ಡ್ ಯುಎಇಯಲ್ಲಿ ನ್ಯೂಯಾರ್ಕ್ ಒಡಂಬಡಿಕೆಯ ಪ್ರಕಾರ ಜಾರಿಗೆ ಹೋಗುತ್ತದೆ, ಅವರು 2006ರಲ್ಲೇ ಸೇರಿದ್ದಾರೆ. ಅವರು ಒಪ್ಪದಿದ್ದರೆ ನಡುವಿನ ಜಾಗ ಸಿಂಗಾಪುರ. ಸಂಸ್ಥೆಯ ಹೆಸರನ್ನು ತಪ್ಪಿಲ್ಲದೆ ಬರೆಯಿರಿ. ಅವರದೇ ಮಾದರಿ ಷರತ್ತು ಇರುತ್ತದೆ, ಅದನ್ನೇ ಹಾಗೆಯೇ ಹಾಕಿ. ಒಬ್ಬನೇ ಆರ್ಬಿಟ್ರೇಟರ್ ಸಾಕು, ಮೂವರು ಅಂದರೆ ಖರ್ಚು ಮೂರು ಪಾಲು. ಸೀಟ್ ಅನ್ನುವ ಪದವನ್ನೇ ಬಳಸಿ. ಸುಮ್ನೆ ಸ್ಥಳ ಅಂತ ಬರೆದರೆ ಅದು ಸಭೆ ಕೂರುವ ಜಾಗವೋ ಸೀಟೋ ಅಂತ ಇನ್ನೊಂದು ಜಗಳ ಶುರುವಾಗುತ್ತದೆ. ಸುಪ್ರೀಂ ಕೋರ್ಟ್‌ವರೆಗೆ ಹೋದ ಜಗಳ ಅದು.

ಗೋಣಿಕೊಪ್ಪ_ಮೆಣಸು

ಅಕ್ಕ, ಒಂದು ಸಂದೇಹ. ಸೀಟ್ ಸಿಂಗಾಪುರ ಅಂದ ಮೇಲೆ, ಮಾಲು ಇನ್ನೂ ಮಂಗಳೂರು ಬಂದರಿನಲ್ಲೇ ಇರುವಾಗ ಜಗಳ ಆದರೆ ಇಲ್ಲಿನ ಕೋರ್ಟ್‌ನಿಂದ ತಡೆ ತರಲು ಆಗುತ್ತದಾ?

ವಿರಾಜಪೇಟೆ_ವಕೀಲೆ

ಆಗುತ್ತದೆ. 2012ರ ಬಾಲ್ಕೊ ತೀರ್ಪಿನ ನಂತರ ಆ ದಾರಿ ಮುಚ್ಚಿತ್ತು. ಸೀಟ್ ಹೊರಗಿದ್ದರೆ ನಮ್ಮ ಕಾಯ್ದೆಯ ಮೊದಲ ಭಾಗ ಅನ್ವಯಿಸುವುದಿಲ್ಲ ಅಂದಿತ್ತು. 2015ರ ತಿದ್ದುಪಡಿ ಸೆಕ್ಷನ್ 9ರ ಮಧ್ಯಂತರ ಆದೇಶವನ್ನು ಅಂಥ ಕೇಸುಗಳಿಗೂ ಮತ್ತೆ ತೆರೆಯಿತು. ಬೇಡ ಅಂತ ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಇಲ್ಲ. ಹಾಗೆ ಬರೆದ ಸಾಲು ಕಂಡರೆ ಹೊಡೆಸಿ ಹಾಕಿ.

ಕುಶಾಲನಗರ_ಕ್ಯೂರಿಂಗ್

ಯುರೋಪಿಗೆ ಕಳಿಸುವವರು ಇನ್ನೊಂದನ್ನು ಈಗಲೇ ಮಾತಾಡಿಕೊಳ್ಳಿ. ಕಾಡು ಕಡಿದು ಬೆಳೆದ ಮಾಲು ಬೇಡ ಅನ್ನುವ ಅವರ ಅರಣ್ಯ ನಾಶದ ನಿಯಮದ ಪಟ್ಟಿಯಲ್ಲಿ ಕಾಫಿ ಇದೆ. ತೋಟದ ಜಿಪಿಎಸ್ ಮಾಹಿತಿ ಕೇಳುತ್ತಾರೆ. ನಮ್ಮಲ್ಲಿ ಜಮ್ಮಾ ಜಾಗ (ಕೊಡಗಿನ ವಂಶಪಾರಂಪರ್ಯ ಹಿಡುವಳಿ), ಒಕ್ಕದ (ಮನೆತನದ) ಹೆಸರಿನ ಪಹಣಿ, ಮರದ ನೆರಳಿನ ತೋಟ. ಹೊರಗಿನವರಿಗೆ ನಕ್ಷೆಯಲ್ಲಿ ಇದು ಕಾಡೋ ತೋಟವೋ ತಿಳಿಯುವುದು ಕಷ್ಟ. ಮಾಹಿತಿ ಕೊಡುವುದು ನಿಮ್ಮ ಕೆಲಸ ಅಂತ ಬರೆದರೆ ಸರಿ. ಆ ಮಾಹಿತಿಯನ್ನು ಅಲ್ಲಿನ ಅಧಿಕಾರಿ ಒಪ್ಪದಿದ್ದರೆ ಇಡೀ ನಷ್ಟ ನಿಮ್ಮದು ಅಂತ ಬರೆದರೆ ಸಹಿ ಹಾಕಬೇಡಿ.

ಪೊಲ್ಲಿಬೆಟ್ಟ_ತೋಟ

ಈ ಕೊನೆಯ ಮಾತು ನಮ್ಮ ತೋಟಕ್ಕೂ ಬೇಕಿತ್ತು. ನನ್ನದೂ ಒಂದು ಪ್ರಶ್ನೆ. ನಾನು ಮಾರುವುದು ಬೆಂಗಳೂರಿನ ವ್ಯಾಪಾರಿಗೆ. ಅವರ ಹೊಸ ಕಾಗದದಲ್ಲಿ ಸಿಂಗಾಪುರ ಸೀಟ್ ಅಂತ ಹಾಕಿದ್ದಾರೆ. ಇಬ್ಬರೂ ಭಾರತದವರು. ಅದು ನಡೆಯುತ್ತದಾ?

ವಿರಾಜಪೇಟೆ_ವಕೀಲೆ

ನಡೆಯುತ್ತದೆ. ಇಬ್ಬರು ಭಾರತೀಯರೂ ಹೊರದೇಶದ ಸೀಟ್ ಇಟ್ಟುಕೊಳ್ಳಬಹುದು ಅಂತ 2021ರಲ್ಲಿ ಪಾಸ್ಲ್ ವಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ನಿಮ್ಮ ವಿಷಯದಲ್ಲಿ ಇದನ್ನು ನಾನು ಖಂಡಿತ ಬೇಡ ಅನ್ನುತ್ತೇನೆ. ಅವರ ಆಸ್ತಿ ಬೆಂಗಳೂರಿನಲ್ಲಿದೆ, ನಿಮ್ಮದು ಕೊಡಗಿನಲ್ಲಿ. ಸಿಂಗಾಪುರಕ್ಕೆ ಹೋಗಿ ಅವಾರ್ಡ್ ತಂದು ಮತ್ತೆ ಇಲ್ಲೇ ಜಾರಿ ಮಾಡಿಸುವುದು ನಿಮಗೆ ಖರ್ಚು, ಅವರಿಗೆ ಅನುಕೂಲ. ಬೆಂಗಳೂರು ಸೀಟ್, ಒಬ್ಬ ಆರ್ಬಿಟ್ರೇಟರ್ ಅಂತ ತಿದ್ದಿ ಕಳಿಸಿ. ಕಾಗದದ ಪ್ರತಿ ನನಗೂ ಕಳಿಸಿ, ಓದಿ ಹೇಳುತ್ತೇನೆ.

ಶನಿವಾರಸಂತೆ_ಬೆಳೆಗಾರ

ಸದಸ್ಯರ ಸಭೆ ಮುಗಿಸಿ ಬಂದೆ. ಇಟಲಿಯವರಿಗೆ ಬರೆದಿದ್ದೇವೆ: ಲಂಡನ್ ಒಪ್ಪಿಗೆ, ಪೂರ್ತಿ ನಮೂನೆ ಕಳಿಸಿ, ಮೊದಲ ಕಂಟೇನರ್‌ಗೆ ಅಡ್ವಾನ್ಸ್ ಮತ್ತು ಉಳಿದದ್ದಕ್ಕೆ ಬ್ಯಾಂಕ್ ಮೂಲಕ ದಾಖಲೆ. ಅರಣ್ಯ ನಿಯಮದ ಸಾಲನ್ನು ಕುಶಾಲನಗರದ ಅಣ್ಣ ಹೇಳಿದ ಹಾಗೆ ತಿದ್ದಿದ್ದೇವೆ. ದುಬೈಗೆ ಬೆಂಗಳೂರು ಸೀಟ್ ಕೇಳಿದ್ದೇವೆ. ನೋಟಿಸ್‌ಗೆ ಕೊಡುವ ಇಮೇಲನ್ನು ಮೂವರು ನೋಡುವ ಹಾಗೆ ಮಾಡಿದ್ದೇವೆ. ಅವರ ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.